ನುಂಗಿದ ಮೇಲಿನ ಎಚ್ಚರ

ಫೆಬ್ರವರಿ 3, ಬೆಳಿಗ್ಗೆ

ಕೆಂಡೊ ಕತ್ತಿವರಸೆ ಶಾಲೆಯ ಹಲಗೆ ನೆಲ ಚಳಿಗೆ ಕೊರೆಯುತ್ತಿತ್ತು. ಬರಿಗಾಲು. ಮುಖವಾಡ ಬಿಚ್ಚಿದ ಮೇಲೂ ಹಣೆಯ ಮೇಲೆ ಅದರ ಭಾರ ಹಾಗೇ. ಅಲ್ಲಿಂದ ಸೀದಾ ಆಸ್ಪತ್ರೆಗೆ. ಅಪ್ಪನಿಗೆ ಬೆಳಗಿನ ಗಂಜಿ ತಿನ್ನಿಸುವುದು ನನ್ನ ಪಾಲು. ಆಮೇಲೆ ಅಂಚೆ ಕಚೇರಿಯ ಕೆಲಸ.

ಲಕ್ವ ಹೊಡೆದಾಗ ಅಪ್ಪನ ಕೈಕಾಲು ಉಳಿದವು, ಗಂಟಲು ಹೋಯಿತು. ನೀರು ಕೂಡ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಚಹಾಕ್ಕೂ ಪುಡಿ ಬೆರೆಸಿ ಮಂದ ಮಾಡುತ್ತಾರೆ.

"ಇದು ಚಹಾನಾ? ಪೋಸ್ಟರ್ ಅಂಟಿಸೋ ಗೋಂದು."

"ನಿಮ್ಮ ಬಾಯಿ ಅಂಟಿಸೋಕೇ ಮಾಡಿದ್ದು, ಅಪ್ಪ."

ನಗಲು ಹೋಗಿ ಕೆಮ್ಮಿದರು. ತುಂಬ ಹೊತ್ತು. ನಗಿಸಬಾರದು.

ಫೆಬ್ರವರಿ 5

ಮುಂದಿನ ವಾರ ಪರೀಕ್ಷೆಯಂತೆ. ಸರಿಯಾಗಿ ನುಂಗಿದರೆ ಮನೆಗೆ. ಇಲ್ಲವಾದರೆ ಹೊಟ್ಟೆಗೆ ಟ್ಯೂಬ್. ಆಮೇಲೆ ಬಾಯಿಗೆ ಏನೂ ಇಲ್ಲ... ಬಹುಶಃ ಕೊನೆಯವರೆಗೂ.

ಡಾಕ್ಟರ್ ಹೋದ ಮೇಲೆ ಅಪ್ಪ ಗೋಡೆ ನೋಡುತ್ತ ಹೇಳಿದರು: "ಮಿತ್ಸುಯೊ, ಮಿಸೊ ಸಾರಿನ ರುಚೀನೇ ಇಲ್ಲ ಅಂದ್ಮೇಲೆ ನನ್ನನ್ನ ಉಳಿಸ್ಕೊಂಡು ಏನ್ ಮಾಡ್ತೀಯ?"

ಚಮಚ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಫೆಬ್ರವರಿ 8

ನುಂಗುವುದನ್ನು ಕಲಿಸಲು ಬರುವ ಹತಾನೊ ಇಂದು ನನಗೂ ಪಾಠ ಮಾಡಿದಳು. "ಮಾತು ಬೇಡ, ಟಿವಿ ಬೇಡ. ಗಂಟಲಮಣಿ ಎದ್ದು ಇಳಿಯೋದನ್ನ ನೋಡ್ತಿರಿ, ಮಿತ್ಸುಯೊ ಅವರೇ. ಅಷ್ಟೇ ಕೆಲಸ."

ಆ ಗಂಟಲು ನನಗೆ ಹೊಸತಲ್ಲ. ಅಪ್ಪನೇ ನನ್ನ ಗುರು. ಚಿಕ್ಕಂದಿನಿಂದ ಬಿದಿರುಕತ್ತಿಯ ತುದಿಯನ್ನು ಅದಕ್ಕೇ ಗುರಿಯಿಟ್ಟು ನಿಂತವಳು. ಕಣ್ಣನ್ನು ಒಂದೇ ಕಡೆ ನೆಡದೆ, ದೂರದ ಬೆಟ್ಟ ನೋಡುವಂತೆ ಇಡೀ ಮನುಷ್ಯನನ್ನು ನೋಡಬೇಕು — ಭುಜ, ತುಟಿ, ಉಸಿರು. ಇಂದು ಚಮಚ ಹಿಡಿದು ಹಾಗೇ ಕೂತೆ. ಅವರ ಉಸಿರು ಹೊರಬಂದ ಮೇಲೆ ಚಮಚ ಮುಂದೊಯ್ದೆ. ಗಂಜಿ ಇಳಿಯಿತು. ಕೆಮ್ಮಿಲ್ಲ.

"ಈಗ ಸರಿ ದೂರದಲ್ಲಿ ಕೂತಿದ್ದೀಯ," ಅಂದರು. ಶಾಲೆಯಲ್ಲಿ ಎಂದೂ ಹೇಳದ ಮಾತು.

ಫೆಬ್ರವರಿ 12

ಡಾಕ್ಟರ್ ಅಪ್ಪನ ಕೊರಳಿಗೆ ಸ್ಟೆತಸ್ಕೋಪ್ ಒತ್ತಿ ಕೂತರು. ತಿನ್ನಿಸುವವಳು ನಾನು. ಜೆಲ್ಲಿ — ಇಳಿಯಿತು. ಗಂಜಿ — ಇಳಿಯಿತು. ಕೊನೆಗೆ ಮಂದ ಮಾಡಿದ ಮಿಸೊ ಸಾರು. ಗಂಟಲಮಣಿ ಎದ್ದಿತು, ಇಳಿಯಿತು.

ಹತಾನೊ ಕಡೆ ತಿರುಗಿ ಮುಷ್ಟಿ ಎತ್ತಿದೆ. "ಇಳೀತು!"

ಇಳಿದದ್ದು ಅರ್ಧ. ಉಳಿದದ್ದು ಗಂಟಲಲ್ಲೇ ನಿಂತಿತ್ತು, ಇನ್ನೊಮ್ಮೆ ನುಂಗಿಸಬೇಕಿತ್ತು. ನೋಡುತ್ತಿದ್ದರೆ ಗೊತ್ತಾಗುತ್ತಿತ್ತು. ಅಪ್ಪ ಉಸಿರೆಳೆದರು, ಅದರ ಜೊತೆ ಸಾರೂ ಹೋಯಿತು. ಮುಖ ನೀಲಿ. ಹೀರುವ ಯಂತ್ರದ ಸದ್ದು. ನನ್ನನ್ನು ಹೊರಗೆ ಕಳಿಸಿದರು.

ಮುಷ್ಟಿ ಇನ್ನೂ ಬಿಗಿದೇ ಇತ್ತು.

ಫೆಬ್ರವರಿ 21

ನ್ಯುಮೋನಿಯ. ಜ್ವರ ಇಂದು ಬಿಟ್ಟಿದೆ. ಮೂಗಿನಲ್ಲಿ ಟ್ಯೂಬ್. ಮಾತು ಹೊರಡುತ್ತಿಲ್ಲ. ನನ್ನನ್ನು ನೋಡಿ ಎರಡೂ ಕೈಗಳನ್ನು ಹೊದಿಕೆಯ ಮೇಲೆ ಅಡ್ಡಡ್ಡ ಆಡಿಸಿದರು, ಕತ್ತರಿಯಂತೆ.

"ಏನಂತೆ? ಹೊದಿಕೆ ತೆಗೀಬೇಕಾ?" ಹತಾನೊ ಕೇಳಿದಳು.

"ಅಲ್ಲ. ಪಂದ್ಯದಲ್ಲಿ ತೀರ್ಪುಗಾರರು ಬಾವುಟ ಹೀಗೆ ಆಡಿಸ್ತಾರೆ. ಏಟು ಬಿತ್ತು ಅಂತ ಮುಷ್ಟಿ ಎತ್ತಿದ್ರೆ ಅಂಕ ರದ್ದು."

"ಅಯ್ಯೋ, ಅಷ್ಟಕ್ಕೇ?"

"ಅಷ್ಟಕ್ಕೇ."

ಏಟು ಬಿದ್ದ ಮೇಲೂ ಎದುರಾಳಿ ಎದುರಿಗೇ ಇರುತ್ತಾನೆ. ಇದನ್ನು ಶಾಲೆಯಲ್ಲಿ ಹೊಸಬರಿಗೆ ಹೇಳಿಕೊಡುವವಳು ನಾನೇ.

ಹೊಟ್ಟೆಗೆ ಟ್ಯೂಬ್ ಹಾಕುವ ದಿನ ಗೊತ್ತುಮಾಡಿದ್ದಾರೆ.

ಮಾರ್ಚ್ 2

ಇನ್ನೊಂದು ಅವಕಾಶ ಕೇಳಿದೆ. ಸೊಂಟ ಬಗ್ಗಿಸಿ ಕೇಳಿದೆ. "ಒಂದೇ ಸಲ," ಅಂದರು ಡಾಕ್ಟರ್.

ಜೆಲ್ಲಿಯ ಚೂರು. ಅಪ್ಪ ನುಂಗಿದರು.

"ಇಳೀತು," ಅಂದಳು ಹತಾನೊ.

ಕದಲಲಿಲ್ಲ. ಚಮಚ ಅವರ ಎದೆಯ ಎತ್ತರದಲ್ಲೇ. ಹೊರಗೆ ಯಾರೋ ಟ್ರೇ ಬೀಳಿಸಿದರು. ಕದಲಲಿಲ್ಲ. ಗಂಟಲಮಣಿ ಮತ್ತೊಮ್ಮೆ ಎದ್ದಿತು. ಇಳಿಯಿತು. ಉಸಿರು ಬಂತು, ಗೊರಗೊರ ಇಲ್ಲದ ಉಸಿರು. ಆಗಲೂ ನೋಡುತ್ತಲೇ ಇದ್ದೆ. ಅಪ್ಪನೂ ನನ್ನನ್ನು ನೋಡುತ್ತಿದ್ದರು.

ಡಾಕ್ಟರ್ ಹೇಳಿದ್ದು ತಡವಾಗಿ ತಲೆಗೆ ಹೋಯಿತು: ದಿನಕ್ಕೊಂದು ಹೊತ್ತು ಬಾಯಿಂದ, ಉಳಿದದ್ದು ಮೂಗಿನ ಟ್ಯೂಬಿನಿಂದ. ಆಮೇಲೆ ನೋಡೋಣ.

ಖುಷಿಯಾಯಿತೇ? ಆಗಿರಬೇಕು. ಅದನ್ನು ಎಲ್ಲಿಡುವುದು ಎಂದು ತಿಳಿಯಲಿಲ್ಲ.

ಮಾರ್ಚ್ 19, ಬೆಳಿಗ್ಗೆ

ಮನೆ. ಮಿಸೊ ಸಾರು ಆರಲಿ ಅಂತ ಕಾಯುತ್ತ ಬರೆಯುತ್ತಿದ್ದೇನೆ. ಪುಡಿ ಬೆರೆಸುವಾಗ ಅಪ್ಪ ಕೂತಲ್ಲಿಂದಲೇ ಕೂಗಿದರು. ದನಿ ಇನ್ನೂ ಒಡಕು.

"ಗೋಂದು ಸರಿಯಾಗಿ ಹಾಕು. ಇನ್ನೂ ಸಾಯೋ ಮನಸ್ಸಿಲ್ಲ."

ನಗಲಿಲ್ಲ. ಬಟ್ಟಲು ಖಾಲಿಯಾಗಿ, ಬಾಯಿ ತೊಳೆಸಿ, ಉಸಿರು ಕೇಳಿ — ನಗು ಆಮೇಲೆ.

ಹಬೆ ನಿಂತಿದೆ. ಅಪ್ಪ ಬೆನ್ನು ನೇರ ಮಾಡಿಕೊಂಡರು. ಪಂದ್ಯಕ್ಕೆ ಮೊದಲು ಬಾಗಿಸುವಷ್ಟೇ ತಲೆ ಬಾಗಿಸಿದರು.

"ಬರೀತಾನೇ ಕೂತಿರ್ತೀಯಾ, ಬರ್ತೀಯಾ?"

ಪೆನ್ನು ಕೆಳಗಿಡುತ್ತೇನೆ. ಇನ್ನು ಚಮಚ.