ಕೊನೆಯ ಹಾಡಿನ ನಂತರದ ಮಾತು

ಹಕೊದಾತೆಯ ಅಮ್ಮನವರಿಗೆ, ಟೋಕಿಯೋದಿಂದ ಚಿಜುರುವಿನ ನಮಸ್ಕಾರಗಳು.

ನಮ್ಮ ಜಾಝ್ ಬ್ಯಾಂಡಿನ ಹೊಸ ರೆಕಾರ್ಡು ಬಂದಿದೆ. ಡ್ರಮ್ಸ್ ಎಲ್ಲವೂ ನಿಮ್ಮ ಮೊತೊಕಿಯದೇ. ಕೊನೆಯ ಹಾಡು ಮುಗಿದ ಮೇಲೆ ಅವನ ದನಿಯೂ ಇದೆ: "ಬೇಗ ಹೊರಡ್ರೋ, ಅಮ್ಮಂಗೆ ಫೋನ್ ಮಾಡ್ಬೇಕು!"

ನಾವಿಬ್ಬರೂ ಮದುವೆಯಾಗಲಿರುವ ವಿಷಯವನ್ನು ಅಂದು ಫೋನಿನಲ್ಲಿ ನಿಮಗೆ ಹೇಳುವವನಿದ್ದ. ಸ್ಟುಡಿಯೋದಿಂದ ಮನೆಗೆ ಹೋಗುವ ದಾರಿಯಲ್ಲೇ ಅವನ ಬೈಕು ಲಾರಿಗೆ ಸಿಕ್ಕಿತು.

"ಈ ಹರಟೆ ಯಾರಿಗ್ರೀ ಬೇಕು? ಕತ್ತರಿಸಿ," ಎಂದರು ಕಂಪನಿಯವರು.

"ಅವರಮ್ಮಂಗೆ ಬೇಕು," ಎಂದೆ. ಅದನ್ನು ಹಾಗೇ ಉಳಿಸಿದರು.

ನಿಮ್ಮ ಮನೆಯಲ್ಲಿ ಪ್ಲೇಯರ್ ಇಲ್ಲವಲ್ಲ, ತೀರಿಕೊಂಡವರು ಮನೆಗೆ ಬರುವ ಒಬೊನ್ ಹಬ್ಬಕ್ಕೆ ರೆಕಾರ್ಡಿನ ಜೊತೆ ನನ್ನದನ್ನೇ ಹೊತ್ತು ತರಲೇ? ಒಬ್ಬಳೇ ಕೂತು ಕೊನೆಯವರೆಗೆ ಕೇಳಲು ನನ್ನಿಂದ ಆಗುತ್ತಿಲ್ಲ. ನಾನು ಯಾರೆಂದು ನೆರೆಯವರು ಕೇಳಿದರೆ, ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವವಳು ಎನ್ನಿ. ಅದೂ ನಿಜವೇ.

ಬರಲು ಅಪ್ಪಣೆ ಬೇಡುತ್ತ,
ಚಿಜುರು