ಆಮಾ ಕೇಳಿದ್ದೋ, ಹೇಳಿದ್ದೋ

2023 ಅಕ್ಟೋಬರ್ 15, ಭಾನುವಾರ. ಮಧ್ಯಾಹ್ನ 2

ಕಾವಲಿ ಉಜ್ಜಿಟ್ಟೆ. ಸೋಯಾ ಹಾಲು ಪೂರ್ತಿ ಖಾಲಿ. ಮೂಲಂಗಿ ಕೇಕ್ ನಾಲ್ಕು ತುಂಡು ಉಳಿದಿದೆ, ಸಂಜೆ ಊಟಕ್ಕಾಯಿತು.

ಇವತ್ತು ಚಂದ್ರನ ಲೆಕ್ಕದ ನಮ್ಮ ತಿಂಗಳ ಮೊದಲ ದಿನ, ಪೂಜೆಯ ದಿನ. ಆಮಾಗೆ ಊದುಬತ್ತಿ ಹಚ್ಚಿಕೊಡಲು ಮೇಲೆ ಹೋಗಿದ್ದೆ. ಮನೆ ಅವರದು, ಕೆಳಗಿನ ತಿಂಡಿ ಅಂಗಡಿ ನನ್ನದು. ಎಂಬತ್ತಾರು ವರ್ಷದ ಅಜ್ಜಿ, ಮಂಡಿ ಮಡಿಯುವುದಿಲ್ಲ. ಹನ್ನೊಂದು ವರ್ಷದಿಂದ ಊದುಬತ್ತಿಯ ಕೆಲಸ ನನ್ನದೇ. ತೀರಿಹೋದ ಗಂಡನ ಹೆಸರಿನ ಹಲಗೆ ಮುಂದೆ ನಿಂತು ಏನೋ ಪಿಸುಗುಟ್ಟಿ ಕೇಳಿದರು. ಪೋಯ್ ಎಸೆದರು. ಉತ್ತರ ಹೇಳುವ ಆ ಅರ್ಧಚಂದ್ರದ ಮರದ ತುಂಡು ಎರಡೂ ಬೋರಲು ಬಿದ್ದವು. ಅಂದರೆ ಯಜಮಾನರು ಮೇಲಿನಿಂದ "ಬೇಡ" ಎಂದರು.

ಏನನ್ನು ಬೇಡ ಎಂದರು? ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ.

"ಸೂ-ಚಿನ್, ನೀನು ಮೆಟ್ಟಿಲು ಹತ್ತೋಕೆ ಮುಂಚೆ ನಿನ್ನ ಮೂಗು ಹತ್ತಿರುತ್ತೆ ಕಣೇ. ಹೋಗು, ಪಾತ್ರೆ ತೊಳಿ."

ಅಕ್ಟೋಬರ್ 21

ಮೇಲೆ ಮತ್ತೆ ಕೂಗಾಟ. ಆಮಾ ಮಗ ಕುವೊ-ತುಂಗ್. ಹೆಂಡತಿ ಬಿಟ್ಟು ಹೋದಮೇಲೆ ಇಲ್ಲೇ ಬಂದು ಠಿಕಾಣಿ ಹೂಡಿದ್ದಾನೆ. ಐವತ್ತೇಳು ವರ್ಷದ ಗಂಡಸು, ಮನೆಯನ್ನು ತನ್ನ ಹೆಸರಿಗೆ ಬರೆದುಕೊಡು ಎಂದು ದಿನವೂ ಕಾಟ. ಇವತ್ತು ಆಮಾ ಕಿವಿಯ ಮೆಷಿನ್ ಕಿತ್ತು ತುಳಿದುಹಾಕಿದ. "ಕೆಳಗೆ ಬಿತ್ತು" ಎಂದರು ಆಮಾ. ಮೆಷಿನ್ ಮೇಲೆ ಚಪ್ಪಲಿಯ ಅಚ್ಚಿತ್ತು.

ಅಕ್ಟೋಬರ್ 29. ಬೆಳಿಗ್ಗೆ 11

ಗುಟ್ಟು ಗೊತ್ತಾಯಿತು! ಹದಿನೈದನೆಯ ದಿನದ ಪೂಜೆ. ಮೆಷಿನ್ ಇಲ್ಲದೆ ಆಮಾಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಪಿಸುಗುಟ್ಟಿದೆ ಅಂದುಕೊಂಡು ಓಣಿಗೆಲ್ಲ ಕೇಳುವಂತೆ ಕೂಗಿದರು.

"ರೀ, ಕುವೊ-ತುಂಗ್ ನನ್ನ ಮೇಲೆ ಕೈ ಮಾಡ್ತಾನೆ. ಅವನಿಗೆ ಈ ಮನೇಲಿ ಒಂದು ಹೆಂಚೂ ಸಿಗಬಾರದು. ನಿಮಗೆ ಒಪ್ಪಿಗೇನಾ?"

ಎಸೆದರು. ಎರಡೂ ಅಂಗಾತ. ಅಂದರೆ ಯಜಮಾನರು ನಗುತ್ತಿದ್ದಾರೆ.

"ನಗ್ರಿ, ನಗ್ರಿ," ಅಂದರು ಆಮಾ. "ಬದುಕಿದ್ದಾಗಲೂ ಮನೆ ವಿಷ್ಯ ಎತ್ತಿದ್ರೆ ಹಲ್ಲು ಬಿಡೋದೇ ಆಗಿತ್ತು."

ನಗು ಬಂತು. ಆಮೇಲೆ ಅವರ ಮಣಿಕಟ್ಟಿನ ಕಂದು ಕಲೆ ಕಂಡಿತು.

ನವೆಂಬರ್ 13

ಅದೇ ಪ್ರಶ್ನೆ. ಎರಡೂ ಬೋರಲು. ಬೇಡವಂತೆ. ಆಮಾ ಮುಖ ಊದಿಸಿಕೊಂಡು ಹಲಗೆಗೆ ಬೆನ್ನು ಹಾಕಿ ಕೂತರು.

ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳಿದೆ — ಗಂಡ ಒಮ್ಮೆ ನಕ್ಕ, ಒಮ್ಮೆ ಬೇಡ ಎಂದ... ಎಲ್ಲರೂ ನಕ್ಕರು. ಹೇಳಬಾರದಿತ್ತೇನೋ. ಈ ಬಾಯಿಗೆ ಬೀಗವಿಲ್ಲ.

ನವೆಂಬರ್ 16

ಬೆಳಿಗ್ಗೆ ಏಳಕ್ಕೆ ಮೇಲೆ ಧಡ್ ಎಂದಿತು. ಕೈಯಲ್ಲಿದ್ದ ಸೌಟಿನ ಸಮೇತ ಓಡಿದೆ. ಆಮಾ ಮಲಗುವ ಕೋಣೆಯ ಚಿಲಕ ಕಿತ್ತು ಬಂದಿತ್ತು. ಅವರು ಗೋಡೆಗೆ ಒರಗಿ ಬಿದ್ದಿದ್ದರು, ಕುವೊ-ತುಂಗ್ ಅವರ ತೋಳು ಹಿಡಿದಿದ್ದ. "ಬಿಡೋ!" ಎಂದು ಸೌಟು ಎತ್ತಿದೆ. ಬಿಟ್ಟ. ಮೆಟ್ಟಿಲಿಳಿದು ಹೋದ.

ಪಕ್ಕೆಲುಬು ಬಿರುಕು. ಆಸ್ಪತ್ರೆಯಲ್ಲಿ ತೋಳಿನ ಮೇಲಿನ ಐದು ಬೆರಳ ಗುರುತಿನ ಫೋಟೋ ತೆಗೆದುಕೊಂಡರು. ತೈಚುಂಗ್‌ನಿಂದ ಮಗಳು ಪೀ-ಯುನ್ ಓಡಿಬಂದಳು. "ಅಮ್ಮಾ, ನನ್ ಜೊತೆ ಬಂದ್ಬಿಡು." ಆಮಾ ಒಂದೇ ಮಾತು: "ನನ್ನ ಮನೆ ಬಿಟ್ಟು ನಾನ್ಯಾಕೆ ಹೋಗ್ಲಿ?"

ನವೆಂಬರ್ 20

ಮನೆಗೆ ಬಂದರು. ಅವನೂ ಬಂದಿದ್ದಾನೆ, ಏನೂ ಆಗದವನ ಹಾಗೆ. ಆಮಾ ನನ್ನಿಂದ ಪಾರ್ಸೆಲ್ ಕಟ್ಟುವ ಕೆಂಪು ಪ್ಲಾಸ್ಟಿಕ್ ದಾರ ಒಂದು ಮಾರು ಇಸಕೊಂಡರು.

"ಏನಕ್ಕೆ ಆಮಾ?" ಕಿವಿಯ ಹತ್ತಿರ ಕೂಗಿದೆ.

"ನಮ್ ಯಜಮಾನ್ರನ್ನ ಬಾಗಿಲಿಗೆ ಕಾವಲು ಹಾಕ್ತೀನಿ. ಕೂತು ಕೂತು ಬೇಡ ಅನ್ನೋದೇ ಕೆಲಸ ಆಗಿದೆ. ಸ್ವಲ್ಪ ದುಡೀಲಿ."

ಪಾಪ, ಬುದ್ಧಿ ಅಲ್ಲಾಡುತ್ತಿದೆಯೇನೋ.

ನವೆಂಬರ್ 27. ಬೆಳಿಗ್ಗೆ 9

ಹದಿನೈದನೆಯ ದಿನದ ಪೂಜೆ. ಊದುಬತ್ತಿ ಹಚ್ಚಿಕೊಟ್ಟೆ. ಆಮಾ ಇವತ್ತು ಕೂತಲ್ಲಿಂದ ಎದ್ದು ನೆಟ್ಟಗೆ ನಿಂತರು. "ಕುವೊ-ತುಂಗ್‌ಗೆ ಈ ಮನೇಲಿ ಒಂದು ಹೆಂಚೂ ಸಿಗಲ್ಲ. ಕೊಡಲ್ಲ. ಆಯ್ತು." ಕೆಳಗೆ ಗಿರಾಕಿ ಕೂಗಿದ. ಓಡಿದೆ. ಪೋಯ್ ಎಸೆದರು. ಬಿದ್ದದ್ದು —

(ಆಮೇಲೆ ಕೇಳಿ ಬರೆಯಬೇಕು.)

2024 ಜನವರಿ 9

ಆಮಾ ಹೋಗಿ ಇಪ್ಪತ್ತಮೂರು ದಿನ. ನ್ಯುಮೋನಿಯಾ. ಬರೆಯಲು ಮನಸ್ಸೇ ಬಂದಿರಲಿಲ್ಲ.

ಶವಯಾತ್ರೆಯಲ್ಲಿ ಊದುಬತ್ತಿಯ ಬಟ್ಟಲನ್ನು ಮಗನೇ ಎತ್ತಿಕೊಂಡು ನಡೆದ. ಎಲ್ಲರಿಗಿಂತ ಜೋರಾಗಿ ಅತ್ತ. ನಿಜವಾಗಿ ಅತ್ತನೇ ಎಂದು ಹತ್ತಿರ ಹೋಗಿ ನೋಡಿದೆ. ನಿಜವಾದ ಕಣ್ಣೀರೇ. ಈ ಮನುಷ್ಯರು ನನಗೆ ಅರ್ಥವಾಗುವುದಿಲ್ಲ.

ಏಪ್ರಿಲ್ 18

ಪೀ-ಯುನ್ ಕೋರ್ಟಿಗೆ ಹೋಗಿದ್ದಾಳೆ. ಅಮ್ಮನನ್ನು ಹೊಡೆದವನಿಗೆ ಅಮ್ಮನ ಮನೆಯಲ್ಲಿ ಪಾಲು ಇರಬಾರದು ಎಂದು. ಅವಳ ವಕೀಲೆ, ಹೋ ಎಂಬ ಹುಡುಗಿ, ಅಂಗಡಿಗೇ ಬಂದು ಮೊಟ್ಟೆ ರೊಟ್ಟಿ ತಿನ್ನುತ್ತ ಬಿಡಿಸಿ ಹೇಳಿದಳು.

"ಹೆತ್ತವರಿಗೆ ಘೋರವಾಗಿ ಹಿಂಸೆ ಕೊಟ್ಟಿರ್ಬೇಕು. ಜೊತೆಗೆ ಅವರೇ 'ಇವನಿಗೆ ಸಿಗಲ್ಲ' ಅಂದಿರ್ಬೇಕು. ಎರಡೂ ಇದ್ರೆ ಪಾಲಿಲ್ಲ. ಕಾಗದ ಬೇಕಿಲ್ಲ ಆಂಟಿ, ಬಾಯಿಮಾತೂ ನಡೆಯುತ್ತೆ. ಹಿಂಸೆಗೆ ಆಸ್ಪತ್ರೆ ಫೋಟೋ ಇದೆ. ಮಾತು ಕಿವಿಗೆ ಬಿದ್ದೋರು ಬೇಕು."

"ನನ್ನ ಕಿವಿಗೆ ಬಿದ್ದಿದೆ. ಡೈರೀಲೂ ಇದೆ. ಆದ್ರೆ ಸತ್ತ ಗಂಡನ ಹತ್ರ ಹೇಳಿದ್ದು. ಲೆಕ್ಕಕ್ಕೆ ಬರುತ್ತಾ?"

"ಯಾರ ಹತ್ರ ಅನ್ನೋದು ದೊಡ್ಡದಲ್ಲ. ಖಂಡಿತವಾಗಿ ಹೇಳಿದ್ರಾ?"

ಒಪ್ಪಿಗೇನಾ ಎಂದು ಗಂಡನನ್ನು ಕೇಳಿದರೆ ಅದು ಹೇಳಿದಂತಾಯಿತೇ? ಆ ಗಂಡ ಬೇಡ ಎಂದನಲ್ಲ! ಕೊನೆಯ ಸಲ ಕೊಡಲ್ಲ ಎಂದರು, ಆದರೆ ಪೋಯ್ ಏನು ಬಿತ್ತೋ. ಹಿಟ್ಟು ಕಲಸುವಾಗಲೂ ಇದೇ ಯೋಚನೆ.

ಮೇ 6

ಕುವೊ-ತುಂಗ್ ಬಂದ. ಬಿಸಿ ಸೋಯಾ ಹಾಲು ಕೇಳಿದ. ಕೊಟ್ಟೆ.

"ಅಕ್ಕಾ, ಅಪ್ಪ ಬೇಡ ಅಂದ್ರು ಅಂತ ಊರಿಗೆಲ್ಲ ಹೇಳಿದ್ದು ನೀವೇ ತಾನೇ? ಕೋರ್ಟಲ್ಲೂ ಅದನ್ನೇ ಹೇಳಿ. ಅಮ್ಮ ಯಾವತ್ತೂ ಅಪ್ಪನ ಮಾತು ಮೀರಿದೋಳಲ್ಲ. ಸುಳ್ಳು ಹೇಳಿ ಅಂತೇನೂ ಬೇಡ್ಕೊಳ್ತಿಲ್ಲವಲ್ಲ. ಅಂಗಡಿ ನೀವಿರೋವರೆಗೂ ನಿಮ್ದೇ."

"ಸೌಟು ಇನ್ನೂ ಇಲ್ಲೇ ಇದೆ ಕಣಪ್ಪ" ಎಂದೆ. ಎದ್ದು ಹೋದ. ಆದರೆ ಅವನ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ನನ್ನ ಬಾಯಿಯೇ ಆಮಾಗೆ ಮುಳುವಾಯಿತಲ್ಲ.

ನವೆಂಬರ್ 27ರ ಪುಟ ತೆಗೆದು ನೋಡಿದೆ. ಆ ಖಾಲಿ ಜಾಗ. ಒಂದು ಬೋರಲು, ಒಂದು ಅಂಗಾತ ಎಂದು ತುಂಬಿಸಿದರೆ — ಯಜಮಾನರು ಒಪ್ಪಿದಂತಾಯಿತು, ಮುಗಿಯಿತು. ಪೆನ್ನೂ ಅದೇ. ಮುಚ್ಚಿಟ್ಟೆ.

ಜೂನ್ 2. ಸಂಜೆ 4

ಅಯ್ಯೋ! ಅಯ್ಯೋ ದೇವರೇ!

ಪೀ-ಯುನ್ ಜೊತೆ ಆಮಾ ಕೋಣೆ ಗುಡಿಸಲು ಹೋಗಿದ್ದೆ. ಹಲಗೆ ಮುಂದಿನ ತಟ್ಟೆಯಲ್ಲಿ ಪೋಯ್ ಒಂದೇ ಇತ್ತು. "ಇನ್ನೊಂದೆಲ್ಲಿ?" ಎಂದಳು ಅವಳು. ಮೂಲೆಮೂಲೆ ಹುಡುಕಿದೆವು. ಕೊನೆಗೆ ಹಿಂದಿನ ಕಸ ತೆಗೆಯೋಣವೆಂದು ಕೋಣೆಯ ಬಾಗಿಲು ಮುಂದಕ್ಕೆಳೆದೆ. ಡಿಸೆಂಬರಿನಲ್ಲಿ ಆಂಬುಲೆನ್ಸ್ ಬಂದ ದಿನ ಗೋಡೆಗೆ ಒತ್ತಿ ತೆರೆದ ಬಾಗಿಲನ್ನು ಆಮೇಲೆ ಯಾರೂ ಮುಚ್ಚಿರಲಿಲ್ಲ.

ಒಳಗಿನ ಹಿಡಿಗೆ ನನ್ನ ಕೆಂಪು ದಾರ. ದಾರದ ತುದಿಗೆ ಪೋಯ್. ಅಂಚು ಸವೆದು, ಬಾಗಿಲ ಹಸಿರು ಬಣ್ಣ ಮೆತ್ತಿಕೊಂಡಿದೆ. ದಿನವೂ ಅದನ್ನೇ ಬಾಗಿಲ ಕೆಳಗೆ ಬೆಣೆಯ ಹಾಗೆ ತುರುಕಿ ಮಲಗುತ್ತಿದ್ದರು, ಅವನು ಒಳಗೆ ಬಾರದಂತೆ. ನಾಲ್ಕು ಗಂಟು. ಒಂದನ್ನೂ ಒಮ್ಮೆಯೂ ಬಿಚ್ಚಿದ ಗುರುತಿಲ್ಲ. ಬಿಚ್ಚಲು ಹೋದರೆ ನನ್ನ ಉಗುರೇ ಮುರಿಯಿತು.

ದಾರ ಕೊಟ್ಟದ್ದು ನವೆಂಬರ್ 20ಕ್ಕೆ. ಒಂದೇ ಪೋಯ್‌ನಿಂದ ಏನನ್ನೂ ಕೇಳಲಾಗುವುದಿಲ್ಲ, ಮಗುವಿಗೂ ಗೊತ್ತು. 27ಕ್ಕೆ ಆಮಾ ಎಸೆದೇ ಇಲ್ಲ!

ಪೀ-ಯುನ್ ಆ ತುಂಡನ್ನು ಕೆನ್ನೆಗೊತ್ತಿಕೊಂಡು ನೆಲದ ಮೇಲೆ ಕೂತು ಅತ್ತಳು. ನಾನೂ.

ಜೂನ್ 11, ಮಂಗಳವಾರ. ಬೆಳಿಗ್ಗೆ 10

ನಾಳೆ ಸಾಕ್ಷಿ. ಈ ನೋಟ್‌ಬುಕ್ ಇವತ್ತು ವಕೀಲೆಯ ಕೈಗೆ. ಪೀ-ಯುನ್ ಬಂದು ಕಾಯುತ್ತಿದ್ದಾಳೆ.

27ರ ಪುಟದಲ್ಲಿ "ಪೋಯ್ ಎಸೆದರು" ಎಂದಿದೆ. ನಾನು ನೋಡಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲಿಳಿದಿದ್ದೆ. ಹಲಗೆ ಮುಂದೆ ಮಾತಾಡಿದ ಮೇಲೆ ಎಸೆಯದೆ ಇರುತ್ತಾರೆಯೇ ಎಂದುಕೊಂಡು ಬರೆದೆ.

"ಅದೊಂದು ಸಾಲು ಹೊಡೆದುಹಾಕಿಬಿಡಿ ಅಕ್ಕಾ. ಯಾರಿಗೆ ಗೊತ್ತಾಗುತ್ತೆ?" ಎಂದಳು ಪೀ-ಯುನ್.

ಹೊಡೆದುಹಾಕಲಿಲ್ಲ. ನನ್ನ ತಪ್ಪನ್ನೂ ಜಡ್ಜ್ ಓದಲಿ, ದಾರದ ಗಂಟನ್ನೂ ನೋಡಲಿ. ಮೂರು ಸಲ ಗಂಡನನ್ನು ಕೇಳಿದರು. ನಾಲ್ಕನೆಯ ಸಲ ಹೇಳಿದರು. ನಂಬುತ್ತಾರೋ ಬಿಡುತ್ತಾರೋ, ನಾನು ನುಡಿಯುವುದು ಇಷ್ಟೇ.

ಒಂದೇ ಕೊರಗು. ಊರ ಸುದ್ದಿಯನ್ನೆಲ್ಲ ವಿಚಾರಿಸುವವಳು ಆವತ್ತು ಮತ್ತೆ ಮೇಲೆ ಹತ್ತಿ, ಏನು ಬಿತ್ತು ಆಮಾ ಎಂದು ಕೇಳಲಿಲ್ಲ. ಕೇಳಿದ್ದರೆ ಬೈದಿರುತ್ತಿದ್ದರು — ಸೂ-ಚಿನ್, ನೀನು ಮೆಟ್ಟಿಲು ಹತ್ತೋಕೆ ಮುಂಚೆ ನಿನ್ನ ಮೂಗು...