ಎಡ ಭುಜ

6-1-1998, ಮಂಗಳವಾರ. ಬೆಳಿಗ್ಗೆ 7

ಮುನ್ನೂರು ದಂಡ, ಐನೂರು ಬಸ್ಕಿ. ಗರಡಿಯ ಮಟ್ಟಿಮಣ್ಣು ಅಗೆದು ಎಣ್ಣೆ, ಮಜ್ಜಿಗೆ ಹಾಕಿ ತುಳಿದೆ. ಉಸ್ತಾದ್ ಕರಿಯಯ್ಯನವರು ಕಲ್ಲಿನ ಮೇಲೆ ಕೂತು ಎಣಿಸಿದರು. ನಡುವೆ ಹತ್ತು ನುಂಗಿದರು, ಎಂದಿನಂತೆ.

ಮೊನ್ನೆ ನಂಜನಗೂಡಿನಲ್ಲಿ ಗೆದ್ದೆ. ಅರವತ್ತೊಂದು ಕುಸ್ತಿಯಾಯಿತು. ಬೆನ್ನಿಗೆ ಇನ್ನೂ ಮಣ್ಣು ಹತ್ತಿಲ್ಲ. ಅಖಾಡದ ಹೊರಗೆ ಜುಬ್ಬಾ ತೊಟ್ಟ ಒಬ್ಬರು ಬಂದು ಭುಜ ಒತ್ತಿ ನೋಡಿದರು — ಸಂತೆಯಲ್ಲಿ ಎತ್ತು ನೋಡುವ ಹಾಗೆ. ಸಿನಿಮಾ ಮ್ಯಾನೇಜರಂತೆ. ಸೋಮವಾರ ತಲಕಾಡಿನಲ್ಲಿ ಶೂಟಿಂಗ್. ಧಣಿಯ ಬಂಟನ ಪಾತ್ರ. ಮಾತಿಲ್ಲ. ಹೀರೋ ಎತ್ತಿ ಒಗೆಯುತ್ತಾನೆ, ನಾನು ಬೆನ್ನ ಮೇಲೆ ಬೀಳಬೇಕು.

ಹೂಂ ಅಂದುಬಿಟ್ಟೆ.

8-1-1998

ಉಸ್ತಾದರಿಗೆ ಹೇಳಿದೆ. ಬೀಡಿ ಆರಿಸಿದರು.

"ದುಡ್ಡು ಕೊಟ್ಟಾರಾ?"

"ಕೊಡ್ತಾರೆ ಉಸ್ತಾದ್ರೆ. ಕೆಲ್ಸ ಅಲ್ವ?"

"ದುಡ್ಡು ಇಸ್ಕಂಡು ಬೀಳೋನು ಈ ಮಟ್ಟಿ ಮುಟ್ಟಂಗಿಲ್ಲ. ಗೊತ್ತಲ್ಲ?"

"ಅದು ಆಕ್ಟಿಂಗು."

"ಆಕ್ಟಿಂಗು ಅಂತ ನಿನ್ ಬೆನ್ಗೆ ಗೊತ್ತಾಯ್ತದೇನ್ಲಾ?"

ಗೊತ್ತು, ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಊರ ಗರಡಿಯಲ್ಲಿ ನಮ್ಮವರನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು. ಹಬ್ಬದ ಕುಸ್ತಿಗೆ ಮಾತ್ರ ಕರೆಯುತ್ತಿದ್ದರು. ಕೈಗೆ ಕಾಸು ತುರುಕಿ, ಗೌಡರ ಮಗನ ಕೆಳಗೆ ಬೀಳು ಅನ್ನುತ್ತಿದ್ದರು. ಉಸ್ತಾದರ ಅಪ್ಪ ಒಂದು ಸಲ ಬಿದ್ದರು. ಆಮೇಲೆ ಕೇರಿಯಲ್ಲಿ ತಾವೇ ಈ ಮಟ್ಟಿಯ ಗುಂಡಿ ತೋಡಿದರು. ಮೊದಲ ಕಟ್ಟಳೆ ಅದೇ ಇಟ್ಟರು.

ಆದರೆ ಅದು ಮೋಸದ ಕುಸ್ತಿ. ಇದು ದುಡಿಮೆ. ದುಡಿಮೆಯಲ್ಲಿ ಮೇಲು ಕೀಳಿಲ್ಲ — ನನ್ನ ಟ್ರಂಕಿನ ಪುಸ್ತಿಕೆಗಳೆಲ್ಲ ಹೇಳುವುದು ಇದನ್ನೇ. ಕೇರಿಯ ಮುಖವೊಂದು ಪರದೆಯ ಮೇಲೆ ಬರಲಿ. ಯಾಕೆ ಬರಬಾರದು?

12-1-1998, ತಲಕಾಡು. ಸಂಜೆ

ಐದು ಸಲ ಬಿದ್ದೆ. ಐದು ಸಲವೂ ಬೋರಲು. ಹೀರೋ ಎತ್ತಿದ ಕೂಡಲೇ ಮೈ ತಾನಾಗಿ ತಿರುಗುತ್ತದೆ. ಹತ್ತು ವರ್ಷ ಕಲಿತದ್ದು ಅದೊಂದೇ ಅಲ್ಲವೇ.

ಫೈಟ್ ಮಾಸ್ಟರ್ ಟೋಪಿ ತೆಗೆದು ಮರಳಿಗೆ ಎಸೆದರು. "ಏನಪ್ಪಾ ಪೈಲ್ವಾನ್! ಹೀರೋ ಹೊಡೆದ್ರೆ ನೀನು ಆಕಾಶ ನೋಡ್ಬೇಕು. ಏನು ಕಳ್ಕೊಂಡಿದೀಯ ಅಂತ ನೆಲ ಹುಡುಕ್ತಾ ಇದ್ದೀಯ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆರನೇ ಸಲ ಮೈಯನ್ನು ಹಿಡಿದು ನಿಲ್ಲಿಸಿದೆ. ಬೆನ್ನು ಮರಳಿಗೆ ತಾಗಿತು. ಎಡ ಭುಜ ಮಾತ್ರ ಎರಡು ಬೆರಳು ಮೇಲೆ ಉಳಿಯಿತು. ಯಾರಿಗೂ ಕಾಣಲಿಲ್ಲ. ನನಗೆ ಗೊತ್ತು. ಎರಡು ಭುಜವೂ ನೆಲ ಮುಟ್ಟಿದರೇ ಚಿತ್. ಒಂದು ಎದ್ದಿದ್ದರೂ ಕುಸ್ತಿ ಮುಗಿದಿಲ್ಲ.

"ಸೂಪರ್. ಸೇಫ್ಟಿಗೆ ಇನ್ನೊಂದು" ಅಂದರು ಡೈರೆಕ್ಟರ್.

ಏಳನೇ ಸಲ ಬಿದ್ದೆ. ಎರಡು ಭುಜವೂ. ಪೂರ್ತಿ. ಬಿಸಿಲು ನೇರ ಕಣ್ಣಿಗೆ ಬಿತ್ತು... ಆಕಾಶ ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ.

13-1-1998

ಗರಡಿಗೆ ಹೋದೆ. ಉಸ್ತಾದರು ಬಾಗಿಲಲ್ಲಿ ಕೂತಿದ್ದರು.

"ಬಿದ್ಯಾ?"

"ಬಿದ್ದೆ."

ಕಾಲು ಚಾಚಿ ಬಾಗಿಲಿಗೆ ಅಡ್ಡ ಇಟ್ಟರು. ಅಷ್ಟೇ. ದಾಟಬಹುದಿತ್ತು. ದಾಟಲಿಲ್ಲ.

ಅವ್ವನಿಗೆ ಸಿಟ್ಟು. "ತಲಕಾಡಲ್ಲಿ ಇರದು ಮಳ್ಳು ಕಣಪ್ಪ. ಮಳ್ಳೂ ಮಣ್ಣೂ ಒಂದೇಯ? ಆ ಮುದ್ಕುಂಗೆ ನಾನೇ ಓಗಿ ಕೇಳ್ತೀನಿ ತಡಿ." ಬೇಡವೆಂದೆ.

20-9-1998, ಭಾನುವಾರ

ನಂಜನಗೂಡಿನ ಟಾಕೀಸಿನಲ್ಲಿ ನೋಡಿದೆವು. ನಾನು ಕಂಡ ಕೂಡಲೇ ಅವ್ವ "ಅಯ್, ನಮ್ ಮಂಟೇಸ್ವಾಮಿ!" ಅಂತ ಎದ್ದು ನಿಂತಳು. ಹಿಂದಿನವರು ಕೂರಿಸಿದರು.

ಸಿನಿಮಾದಲ್ಲಿ ಇಟ್ಟಿರುವುದು ಆರನೆಯದು.

ಉಸ್ತಾದರು ನೋಡಿಲ್ಲ. ನೋಡುವುದೂ ಇಲ್ಲವಂತೆ.

2-4-2001

ಇದನ್ನು ತೆರೆದು ಎರಡೂವರೆ ವರ್ಷ. ಹದಿನಾಲ್ಕು ಸಿನಿಮಾ. ಲಾರಿ ಡ್ರೈವರ್, ಕಾನ್‌ಸ್ಟೇಬಲ್, ಜೈಲಿನ ವಾರ್ಡನ್, ಸತ್ತುಹೋಗುವ ಅಣ್ಣ. ಈಗ ಮಾತಿದೆ. "ಕ್ಯಾರೆಕ್ಟರ್ ಆರ್ಟಿಸ್ಟ್" ಅನ್ನುತ್ತಾರೆ. ಬೀಳುವುದು ಕಡಿಮೆಯಾಗಿದೆ.

ಧಣಿಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುವ ಸೀನು ಕೊಟ್ಟರು. ಮಾಡುವುದಿಲ್ಲ ಅಂದೆ. "ಪೈಲ್ವಾನ್ರೇ, ಇದು ಪಾತ್ರ ಅಷ್ಟೆ" ಅಂದರು. ನನ್ನ ಬೆನ್ನಿಗೆ ಅದು ಗೊತ್ತಿಲ್ಲ ಅಂದೆ. ಆಡಿದ ಮೇಲೆ ಹೊಳೆಯಿತು — ಯಾರ ಮಾತು ಅದು ಅಂತ. ಸಿನಿಮಾ ಕೈತಪ್ಪಿತು.

ಊರಿಗೆ ಬಂದಾಗಲೆಲ್ಲ ಗರಡಿಯ ಮುಂದೆ ಹಾದು ಹೋಗುತ್ತೇನೆ. ಗೋಡೆಗೆ ನಾನೇ ಹಾಕಿದ ಬುದ್ಧನ ಪಟ ಹಾಗೇ ಇದೆ. ಮಟ್ಟಿಯ ವಾಸನೆ ರಸ್ತೆವರೆಗೂ ಬರುತ್ತದೆ. ಸಾಮು ಮಾಡುವುದು ಹಿತ್ತಿಲಿನಲ್ಲಿ, ಸಿಮೆಂಟಿನ ಮೇಲೆ.

17-11-2002, ಭಾನುವಾರ. ಸಂಜೆ 7.30

ನಾಲ್ಕು ಗಂಟೆಗೆ ಟಿವಿಯಲ್ಲಿ ಅದೇ ಸಿನಿಮಾ. ಮನೆ ತುಂಬ ಜನ. ಹೊರಗೆ ಕಿಟಕಿ ಹತ್ತಿರ ಯಾರೋ ಕೆಮ್ಮಿದರು. ಉಸ್ತಾದರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

ಫೈಟ್ ಬಂತು. ಹೀರೋ ಎತ್ತಿದ. ಬಿದ್ದೆ.

"ಇಲ್ಲಾ!"

ಕಿಟಕಿ ಸರಳು ಹಿಡಿದು ಕೂಗುತ್ತಿದ್ದರು. "ಚಿತ್ ಆಗಿಲ್ಲ ಕಣ್ರೋ! ಎಡಗಡೆ ಭುಜ ನೋಡ್ರೋ, ಮೇಲೈತೆ! ಕಣ್ಣೆಲ್ಲಿ ಮಡೀಕಂಡಿದ್ದೀರಿ? ನಮ್ ಹೈದ ಬಿದ್ದಿಲ್ಲ!"

ಅವ್ವ ಟಿವಿ ಬಿಟ್ಟು ಅವರ ಕಡೆ ತಿರುಗಿದಳು. "ಇದ ತಿಳ್ಕಳಕೆ ನಿಂಗೆ ಐದು ವರ್ಸ ಬೇಕಾಯ್ತಾ ಕರಿಯಣ್ಣ?"

"ನೀ ಸುಮ್ಕಿರು ಮಂಗಳಮ್ಮ." ನನ್ನನ್ನು ನೋಡಿದರು. ಕಣ್ಣು ಒದ್ದೆ. "ಬಿದ್ದೆ ಅಂದ್ಯಲ್ಲೋ ಅವತ್ತು. ಯಾಕ್ ಸುಳ್ಳೇಳ್ದೆ?"

ಬಾಯಿ ತೆರೆದೆ. ಮನೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು.

"ಶನಿವಾರ ಬೆಳಿಗ್ಗೆ ಬಾ. ಮಟ್ಟಿ ನಾನೇ ಹದ ಮಾಡಿರ್ತೀನಿ" ಅಂದು ಹೊರಟರು.

22-11-2002

ಐದು ದಿನ. ಏಳನೆಯದರ ವಿಷಯ ಉಸ್ತಾದರಿಗೆ ಹೇಳಿಲ್ಲ. ಎರಡು ಸಲ ಅವರ ಮನೆ ಬಾಗಿಲವರೆಗೆ ಹೋಗಿ ಬಂದೆ.

ಅವ್ವನಿಗೆ ಹೇಳಿದೆ. "ಸಿನಿಮಾದಲ್ಲಿ ಇಲ್ದೇ ಇರೋದ್ನ ಯಾರ್ ಕೇಳಾರು? ಆ ಮುದ್ಕ ಐದು ದಿನದಿಂದ ನಗ್ತಾವ್ನೆ. ಸುಮ್ಕೆ ಓಗು" ಅಂದಳು.

ಇಪ್ಪತ್ತನೇ ವಯಸ್ಸಿನಿಂದ ಕಂಡವರಿಗೆಲ್ಲ ಸತ್ಯ, ನ್ಯಾಯ ಅಂತ ಭಾಷಣ ಬಿಗಿದವನು ನಾನು. ಈಗ ಒಂದು ಭುಜದ ವಿಷಯ ಹೇಳಲಾರೆ.

23-11-2002, ಶನಿವಾರ. ಬೆಳಿಗ್ಗೆ 5.40

ಲಂಗೋಟಿ ಒಣಗಿದೆ. ಉಸ್ತಾದರು ಆಗಲೇ ಎದ್ದಿದ್ದಾರೆ. ಗುದ್ದಲಿ ಸದ್ದು ಇಲ್ಲಿಗೆ ಕೇಳುತ್ತಿದೆ. ಕೈಲಾಗದ ವಯಸ್ಸು. ಆದರೂ ತಾವೇ ಅಗೆಯುತ್ತಿದ್ದಾರೆ, ನನಗೋಸ್ಕರ.

ಹೇಳಿದರೆ ಮತ್ತೆ ಕಾಲು ಅಡ್ಡ ಬರುತ್ತದೆ. ಈ ಸಲ ತೆಗೆಯುವುದಿಲ್ಲ. ಹೇಳದಿದ್ದರೆ ಮಟ್ಟಿ ನನ್ನದು. ಹಾಗಾದರೆ ಅವರ ಅಪ್ಪ ಈ ಗುಂಡಿ ತೋಡಿದ್ದು ಯಾಕೆ?

ಒಳಗೆ ಕಾಲಿಡುವ ಮೊದಲೇ ಹೇಳುತ್ತೇನೆ. ಇಲ್ಲಿ ಬರೆದು ನೋಡುತ್ತೇನೆ, ಬಾಯಿಗೆ ಬರಲಿ ಅಂತ.

ಉಸ್ತಾದ್ರೆ, ನೀವು ನೋಡಿದ್ದು ಆರನೇ ಸಲದ್ದು. ಅದಾದ ಮೇಲೆ ಇನ್ನೊಂದು ಸಲ

ಕೂಗುತ್ತಿದ್ದಾರೆ. "ಮಂಟೇ... ಬಾರ್ಲಾ, ಮಟ್ಟಿ ಹದ ಆಯ್ತು!"